ಆಸ್ಪತ್ರೆ ಆಡಳಿತದ ಪದವಿ: ಸಾಲಕ್ಕೆ ಸಹಿ ಹಾಕುವ ಮೊದಲು

ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿಗೆ, ಅಂದರೆ ಎಂಎಚ್‌ಎಗೆ, ಏಳೂವರೆ ಲಕ್ಷ ಸಾಲ ಮಾಡುವುದು ವೈದ್ಯರಲ್ಲದ ಬಹುತೇಕ ಮಕ್ಕಳಿಗೆ ನಷ್ಟದ ವ್ಯವಹಾರ. ಅದೇ ಪದವಿ ಓದಿ, ಅದೇ ಕೆಲಸದಲ್ಲಿ ಬೆಳೆದು, ಇವತ್ತಿಗೂ ಆ ಕೆಲಸವನ್ನು ಇಷ್ಟಪಟ್ಟು ಮಾಡುವವಳಾಗಿ ಈ ಮಾತು ಹೇಳುತ್ತಿದ್ದೇನೆ.

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆಪರೇಷನ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್, ಇನ್ಶೂರೆನ್ಸ್ ಡೆಸ್ಕ್, ವಾರ್ಡಿನ ಹಾಸಿಗೆಗಳ ಹಂಚಿಕೆ, ಹೌಸ್‌ಕೀಪಿಂಗ್, ಆಂಬುಲೆನ್ಸ್, ರೋಗಿಗಳ ದೂರು, ಎಲ್ಲವೂ ದಿನದ ಕೊನೆಗೆ ನನ್ನ ಮೇಜಿಗೇ ಬರುತ್ತವೆ. ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಸಂದರ್ಶನಕ್ಕೂ ನಾನೇ ಕೂರುತ್ತೇನೆ. ಎಂಎಚ್‌ಎ ಮುಗಿಸಿದ ಹುಡುಗ ಹುಡುಗಿಯರು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಫೈಲು ಎದೆಗವುಚಿಕೊಂಡು ಬರುತ್ತಾರೆ. ಚೆನ್ನಾಗಿ ಮಾತಾಡುತ್ತಾರೆ. ಸಂಬಳದ ಮಾತು ಬಂದಾಗ ಮಾತ್ರ ಮುಖ ಸಣ್ಣದಾಗುತ್ತದೆ. ವರ್ಷಕ್ಕೆ 3 ಲಕ್ಷದ ಪ್ಯಾಕೇಜ್ ಅಂದರೆ ನಮ್ಮ ಕಡೆ ಹೊಸಬರಿಗೆ ಒಳ್ಳೆಯ ಸಂಬಳವೇ. ಬೆಂಗಳೂರಿನಲ್ಲಿ ಸ್ವಲ್ಪ ಹೆಚ್ಚಿರಬಹುದು. ಆ ಹೆಚ್ಚುವರಿಯನ್ನು ಅಲ್ಲಿನ ಪಿಜಿ ಬಾಡಿಗೆಯೇ ತಿಂದುಹಾಕುತ್ತದೆ.

ಈ 3 ಲಕ್ಷದಲ್ಲಿ ಕೈಗೆ ಬರುವುದೆಷ್ಟು ಅಂತ ಕಾಲೇಜಿನಲ್ಲಿ ಯಾರೂ ಹೇಳಿರುವುದಿಲ್ಲ. ತಿಂಗಳಿಗೆ 25 ಸಾವಿರ ಅಂದುಕೊಂಡು ಬರುತ್ತಾರೆ. ಮಾಲೀಕರು ಕಟ್ಟುವ ಪಿಎಫ್ 1,800 ರೂಪಾಯಿ ಆ 25 ಸಾವಿರದೊಳಗೇ ಸೇರಿರುತ್ತದೆ. ಗ್ರಾಚ್ಯುಯಿಟಿಗೆಂದು ಸುಮಾರು 700 ತೋರಿಸಿರುತ್ತಾರೆ, ಅದು ಐದು ವರ್ಷ ಅಲ್ಲೇ ದುಡಿದರೆ ಸಿಗುವ ಹಣ. ಇನ್ನು ನೌಕರರ ಪಾಲಿನ ಪಿಎಫ್ ಮತ್ತೊಂದು 1,800. ಎಲ್ಲ ಕಳೆದು ಬ್ಯಾಂಕ್ ಖಾತೆಗೆ ಬೀಳುವುದು ಹೆಚ್ಚೂಕಡಿಮೆ 20,700.

ಈಗ ಸಾಲದ ಕಡೆ ಬನ್ನಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಮನೆ, ಹೊಲ ಯಾವುದನ್ನೂ ಅಡ ಇಡಬೇಕಿಲ್ಲ. ಖಾಸಗಿ ಕಾಲೇಜಿನ ಎರಡು ವರ್ಷದ ಶುಲ್ಕಕ್ಕೆ ಹಾಸ್ಟೆಲ್ಲು, ಊಟ, ಲ್ಯಾಪ್‌ಟಾಪ್ ಸೇರಿಸಿದರೆ ನನ್ನ ಮುಂದೆ ಕೂತ ಎಷ್ಟೋ ಮಕ್ಕಳ ಲೆಕ್ಕ ಈ ಏಳೂವರೆಯ ಆಸುಪಾಸಿಗೇ ಬಂದು ನಿಂತಿರುತ್ತದೆ. ಶೇ 11ರ ಬಡ್ಡಿ ಅಂತಿಟ್ಟುಕೊಳ್ಳಿ. ಅರ್ಧ ಹಣ ಮೊದಲ ವರ್ಷ, ಇನ್ನರ್ಧ ಎರಡನೇ ವರ್ಷ ಬಿಡುಗಡೆಯಾಗುತ್ತದೆ. ಓದುವ ಎರಡು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತ ಬಹಳ ಮನೆಗಳಲ್ಲಿ ತಿಳಿದಿದ್ದಾರೆ. ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ಮೂರು ವರ್ಷ ಮುಗಿಯುವ ಹೊತ್ತಿಗೆ ಏಳೂವರೆ ಲಕ್ಷ 9.56 ಲಕ್ಷ ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,170 ರೂಪಾಯಿ ಕಂತು. ಒಟ್ಟು ಕಟ್ಟುವುದು 15 ಲಕ್ಷ 80 ಸಾವಿರ. ಕಂತು ಭಾರವಾಯಿತು ಅಂತ ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ 10,870ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ ಮಾತ್ರ ಹತ್ತೊಂಬತ್ತೂವರೆ ಲಕ್ಷ ದಾಟುತ್ತದೆ.

20,700ರಲ್ಲಿ 13,170 ಹೋದರೆ ಉಳಿಯುವುದು ಏಳೂವರೆ ಸಾವಿರ. ಅದರಲ್ಲಿ ಬಾಡಿಗೆ, ಊಟ, ಬಸ್ಸು, ಮೊಬೈಲು, ಊರಿಗೆ ಹೋಗಿಬರುವ ಖರ್ಚು, ಎಲ್ಲ. ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗುವವರು ಹೇಗೋ ಸಂಬಾಳಿಸಬಹುದು. ಊರು ಬಿಟ್ಟು ಬಂದವರಿಗೆ ಸಾಧ್ಯವೇ ಇಲ್ಲ. ಅಂಥವರ ಕಂತನ್ನು ಅಪ್ಪ ಅಮ್ಮ ಕಟ್ಟುತ್ತಾರೆ, ಇಲ್ಲವೇ ಕಂತು ತಪ್ಪುತ್ತದೆ.

ಕಂತು ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಹಾವೇರಿ ಜಿಲ್ಲೆಯ ಒಬ್ಬ ರೈತರಿಂದ ಕೇಳಿದೆ. ಅವರ ಮಗಳು ನಮ್ಮಲ್ಲೇ ಫ್ಲೋರ್ ಕೋಆರ್ಡಿನೇಟರ್. ಚುರುಕು ಹುಡುಗಿ. ಸಂಬಳ ಏರಿಸುವ ವಿಷಯ ಮಾತಾಡಲು ತಂದೆಯೇ ಬಂದಿದ್ದರು. ‘ಇದ್ದಬದ್ದದ್ದೆಲ್ಲ ಹಾಕಿ ಓದಿಸೀವ್ರಿ ಮೇಡಂ. ಈ ಪಗಾರದಾಗ ಆಕಿ ಉಣಬೇಕೋ, ಬ್ಯಾಂಕಿಗೆ ತುಂಬಬೇಕೋ, ನೀವ ಹೇಳ್ರಿ’ ಅಂದರು. ಹನಿ ನೀರಾವರಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಸಿಬಿಲ್ ಸ್ಕೋರ್ ಬಿದ್ದಿದೆ ಅಂತ ಅವರನ್ನು ವಾಪಸು ಕಳಿಸಿದ್ದರು. ಮಗಳ ಹೆಸರಿನ ಸಾಲಕ್ಕೂ ತಮ್ಮ ಸ್ಕೋರಿಗೂ ಏನು ಸಂಬಂಧ ಅಂತ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿ ಜಂಟಿ ಸಾಲಗಾರರು. ಹೊಲ ಅಡ ಇಟ್ಟಿಲ್ಲ ಅಂದ ಮಾತ್ರಕ್ಕೆ ಹೊಲ ಸಾಲದಿಂದ ದೂರ ಇದೆ ಅಂತಲ್ಲ. ಆ ಹೊಲಕ್ಕೆ ಬೇಕಾದ ಸಾಲ ಸಿಗದೆ ಹೋಗಬಹುದು. ಸಹಿ ಮಾಡಿಸಿಕೊಳ್ಳುವ ದಿನ ಇದನ್ನು ಕನ್ನಡದಲ್ಲಿ, ನಿಧಾನವಾಗಿ, ಎರಡು ಸಲ ಹೇಳಬೇಕಾದ್ದು ಬ್ಯಾಂಕಿನ ಕರ್ತವ್ಯ.

ಹಾಗಾದರೆ ಕಾಲೇಜಿನ ಕರಪತ್ರದಲ್ಲಿ ಕಾಣುವ 10 ಲಕ್ಷ, 12 ಲಕ್ಷದ ಪ್ಯಾಕೇಜ್ ಸುಳ್ಳೇ? ಬಹುತೇಕ ಸಲ ಸುಳ್ಳಲ್ಲ, ಆ ಕೆಲಸಗಳು ಇವೆ. ಅವು ಯಾರಿಗೆ ಸಿಗುತ್ತವೆ ಅನ್ನುವುದನ್ನು ಕರಪತ್ರ ಹೇಳುವುದಿಲ್ಲ. ಎಂಎಚ್‌ಎ ತರಗತಿಯಲ್ಲಿ ಎಂಬಿಬಿಎಸ್, ಬಿಡಿಎಸ್, ಬಿಎಎಂಎಸ್ ಆದವರು, ನರ್ಸಿಂಗ್ ಮುಗಿಸಿದವರು, ಬಿಕಾಂ, ಬಿಎಸ್ಸಿ ಮಾಡಿದವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಪಾಠ ಒಂದೇ, ಶುಲ್ಕ ಒಂದೇ, ಪದವಿಯ ಹೆಸರೂ ಒಂದೇ. ಹೊರಗೆ ಬಂದಾಗ ಮಾರುಕಟ್ಟೆ ಮಾತ್ರ ಬೇರೆಬೇರೆ. ಮೆಡಿಕಲ್ ಸೂಪರಿಂಟೆಂಡೆಂಟ್ ಹುದ್ದೆ ವೈದ್ಯರಿಗೇ ಹೋಗುತ್ತದೆ. ಇನ್ಶೂರೆನ್ಸ್ ಕಂಪನಿಗಳು ಕ್ಲೇಮ್ ಪರಿಶೀಲನೆಗೆ ವೈದ್ಯಕೀಯ ಪದವೀಧರರನ್ನೇ ಹುಡುಕುತ್ತವೆ. ದೆಹಲಿಯ ಏಮ್ಸ್‌ನಲ್ಲಂತೂ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಕೋರ್ಸಿಗೆ ಎಂಬಿಬಿಎಸ್ ಆಗಿರಲೇಬೇಕು. ಸರ್ಕಾರಿ ಕಡೆ ನೋಡಿದರೂ ನಮ್ಮ ಜಿಲ್ಲಾ ಆಸ್ಪತ್ರೆಗಳ ಮುಖ್ಯಸ್ಥರು ಜಿಲ್ಲಾ ಶಸ್ತ್ರಚಿಕಿತ್ಸಕರು, ಅವರೂ ವೈದ್ಯರು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಕಾರ್ಯಕ್ರಮ ವ್ಯವಸ್ಥಾಪಕರಂಥ ಹುದ್ದೆಗಳು ವೈದ್ಯರಲ್ಲದವರಿಗೂ ಸಿಗುತ್ತವೆ, ಅವು ಗುತ್ತಿಗೆ ಹುದ್ದೆಗಳು. ಕಾಲೇಜಿನ ಗೋಡೆಯ ಮೇಲೆ ‘ನಮ್ಮ ಹಳೆಯ ವಿದ್ಯಾರ್ಥಿಗಳು’ ಅಂತ ಹಾಕಿದ ಫೋಟೊಗಳನ್ನು ನೋಡುವಾಗ ಹೆಸರಿನ ಹಿಂದೆ ‘ಡಾ.’ ಇದೆಯೇ ಅಂತ ಮೊದಲು ನೋಡಿ. ಇದ್ದರೆ ಆ ಸಂಬಳಕ್ಕೂ ನಿಮ್ಮ ಬಿಕಾಂ ಮಗಳಿಗೆ ಸಿಗುವ ಸಂಬಳಕ್ಕೂ ಹೋಲಿಕೆ ಇಲ್ಲ.

ಕೆಲಸ ಹಗುರದ್ದಲ್ಲ, ಹಾಗೆ ಯಾರೂ ತಿಳಿಯಬಾರದು. ಸಂಜೆ ಐದೂವರೆಗೆ ನಮ್ಮ ಇನ್ಶೂರೆನ್ಸ್ ಡೆಸ್ಕಿನ ಹತ್ತಿರ ಬಂದು ನೋಡಿ. ಬೆಳಿಗ್ಗೆ ಹನ್ನೊಂದಕ್ಕೇ ಡಾಕ್ಟರು ‘ಮನೆಗೆ ಹೋಗಬಹುದು’ ಅಂದಿರುತ್ತಾರೆ. ಡಿಸ್ಚಾರ್ಜ್ ಸಮರಿ ಟೈಪ್ ಆಗಿ, ಕನ್ಸಲ್ಟೆಂಟ್ ಸಹಿಯಾಗಿ, ಫಾರ್ಮಸಿಯಿಂದ ವಾಪಸಾದ ಔಷಧದ ಲೆಕ್ಕ ಬಂದು, ಅಂತಿಮ ಬಿಲ್ ತಯಾರಾಗಿ, ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಟಿಪಿಎಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಅಂತಿಮ ಬಿಲ್ ಹೋದ ಮೇಲೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿದೆ. ಅಷ್ಟರಲ್ಲಿ ಟಿಪಿಎಯಿಂದ ಒಂದು ಪ್ರಶ್ನೆ ಬರುತ್ತದೆ: ರೋಗಿಗೆ ಮೊದಲೇ ಬಿಪಿ ಇತ್ತೇ, ಇದ್ದರೆ ಎಷ್ಟು ವರ್ಷದಿಂದ? ಕೇಸ್ ಶೀಟಿನಲ್ಲಿ ಒಬ್ಬ ಡ್ಯೂಟಿ ಡಾಕ್ಟರು ಎರಡು ವರ್ಷ ಅಂತ ಬರೆದಿದ್ದಾರೆ, ಇನ್ನೊಬ್ಬರು ಐದು ಅಂತ. ಡೆಸ್ಕಿನಲ್ಲಿ ಕೂತ ಹುಡುಗಿ ವಾರ್ಡಿಗೆ ಓಡಬೇಕು, ಡಾಕ್ಟರನ್ನು ಓಟಿ ಬಾಗಿಲಲ್ಲಿ ಹಿಡಿಯಬೇಕು, ಸ್ಪಷ್ಟೀಕರಣದ ಪತ್ರ ಬರೆಸಿ ಅಪ್‌ಲೋಡ್ ಮಾಡಬೇಕು. ಈ ನಡುವೆ ರೋಗಿಯ ಮಗ ಬಂದು ‘ನಮ್ಮ ಊರಿನ ಕೊನೇ ಬಸ್ಸು ಹೋಗಿಬಿಡತೈತಿ’ ಅಂತ ಕೂಗಾಡುತ್ತಾನೆ. ಅವನಿಗೂ ಸಮಾಧಾನದಿಂದ ಉತ್ತರ ಕೊಡಬೇಕು. ಅತ್ತ ಎಮರ್ಜೆನ್ಸಿಯಲ್ಲಿ ಹಾಸಿಗೆಗೆ ಕಾದಿರುವ ಇನ್ನೊಂದು ಕುಟುಂಬ ಈ ಹಾಸಿಗೆ ಖಾಲಿಯಾಗುವುದನ್ನೇ ನೋಡುತ್ತಿರುತ್ತದೆ. ಇದನ್ನು ಗಲಾಟೆಯಿಲ್ಲದೆ ಮುಗಿಸುವವರು ನನ್ನ ಕಣ್ಣಲ್ಲಿ ಯಾವ ಇಂಜಿನಿಯರಿಗೂ ಕಡಿಮೆಯವರಲ್ಲ.

ಆದರೆ ಈ ಕೆಲಸವನ್ನು ನಮ್ಮಲ್ಲಿ ಅತ್ಯಂತ ಚೆನ್ನಾಗಿ ಮಾಡುವವಳು ಎಂಎಚ್‌ಎ ಓದಿದವಳಲ್ಲ. ಬಿಕಾಂ ಮುಗಿಸಿ ನೇರವಾಗಿ ಬಿಲ್ಲಿಂಗ್ ಕೌಂಟರಿಗೆ ಸೇರಿದವಳು. ಸೇರಿದಾಗ ಕೈಗೆ 14 ಸಾವಿರ. ಎರಡು ವರ್ಷದಲ್ಲಿ ಬಿಲ್ಲಿಂಗ್‌ನಿಂದ ಪ್ರೀ-ಆಥ್ (ಚಿಕಿತ್ಸೆಗೆ ವಿಮೆಯ ಮುಂಗಡ ಒಪ್ಪಿಗೆ), ಅಲ್ಲಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕೇಸುಗಳು, ಹೀಗೆ ಒಂದೊಂದೇ ಕಲಿತು 19 ಸಾವಿರಕ್ಕೆ ಬಂದಳು. ಅದೇ ಹೊತ್ತಿಗೆ ಅವಳ ಕಾಲೇಜಿನ ಗೆಳತಿ ಎಂಎಚ್‌ಎ ಮುಗಿಸಿ ನಮ್ಮಲ್ಲೇ 20,700ಕ್ಕೆ ಸೇರಿದಳು. ಇಬ್ಬರ ನಡುವೆ ತಿಂಗಳಿಗೆ 1,700 ರೂಪಾಯಿ ಅಂತರ. ಒಬ್ಬಳು ಆ ಎರಡು ವರ್ಷದಲ್ಲಿ ಮೂರೂವರೆ ಲಕ್ಷಕ್ಕೆ ಹತ್ತಿರ ದುಡಿದಿದ್ದಳು. ಇನ್ನೊಬ್ಬಳ ತಲೆಯ ಮೇಲೆ ಎಂಟು ಲಕ್ಷ ದಾಟಿದ ಸಾಲ.

ಪದವಿಯ ಲಾಭ ಆಮೇಲೆ ಕಾಣುತ್ತದೆ ಅನ್ನುವವರಿದ್ದಾರೆ, ಅದರಲ್ಲಿ ಹುರುಳಿದೆ. ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಯಿಂದ ಮೇಲಕ್ಕೆ ಹೋಗಲು ಸ್ನಾತಕೋತ್ತರ ಪದವಿ ಕೇಳುವ ಆಸ್ಪತ್ರೆಗಳು ಹೆಚ್ಚಾಗಿವೆ. ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆಗೆ ತಯಾರಿ ನಡೆಸುವ ಆಸ್ಪತ್ರೆಗಳಲ್ಲಿ ಕ್ವಾಲಿಟಿ ವಿಭಾಗದ ಕೆಲಸ ಬಲ್ಲವರಿಗೆ ಬೇಡಿಕೆ ಇದೆ, ಸಂಬಳವೂ ಬೇಗ ಏರುತ್ತದೆ. ನನ್ನ ಕೈಕೆಳಗೆ ಸೇರಿದವರು ನಾಲ್ಕೈದು ವರ್ಷದಲ್ಲಿ 35-40 ಸಾವಿರ ಮುಟ್ಟಿದ್ದನ್ನೂ ನೋಡಿದ್ದೇನೆ. ಆದರೆ ಬ್ಯಾಂಕಿನ ಕಂತು ನಾಲ್ಕೈದು ವರ್ಷ ಕಾಯುವುದಿಲ್ಲ. ಅತಿ ಕಡಿಮೆ ಸಂಬಳದ ವರ್ಷಗಳಲ್ಲೇ ಅದು ಶುರುವಾಗುತ್ತದೆ. ಆ ವರ್ಷಗಳಲ್ಲಿ ಕಂತಿನ ಒತ್ತಡಕ್ಕೆ ಸಿಕ್ಕವರು ಕಲಿಯುವ ಜಾಗ ಬಿಟ್ಟು ಎರಡು ಸಾವಿರ ಹೆಚ್ಚು ಕೊಡುವ ಕಡೆ ಹಾರುತ್ತಾರೆ. ಮೆಡಿಕಲ್ ಕೋಡಿಂಗಿಗೋ, ಇನ್ಶೂರೆನ್ಸ್ ಮಾರಾಟಕ್ಕೋ ಹೋದವರು ತಿರುಗಿ ಬರುವುದು ಕಡಿಮೆ. ಓದಿದ ವಿದ್ಯೆ ಅಲ್ಲಿಗೆ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. ನನಗೆ ಅತಿ ಹೆಚ್ಚು ಸಂಕಟವಾಗುವುದು ಇದನ್ನು ನೋಡಿದಾಗ.

ಪ್ರವೇಶ ಮಾಡಿಸುವ ಏಜೆಂಟರು ಹೇಳುವ ಎರಡು ಮಾತುಗಳ ಬಗ್ಗೆ ಎಚ್ಚರ ಇರಲಿ. ಒಂದು, ‘ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ.’ ಇದೆ, ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ, ಗರಿಷ್ಠ ಎಂಟು ವರ್ಷ. ವರ್ಷಕ್ಕೆ 3 ಲಕ್ಷ ದುಡಿಯುವವರಿಗೆ ಕಟ್ಟಬೇಕಾದ ತೆರಿಗೆಯೇ ಇಲ್ಲ, ವಿನಾಯಿತಿ ತಗೊಂಡು ಏನು ಮಾಡುವುದು? ಇನ್ನೊಂದು, ‘ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ.’ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಕಂತಿನ ವಿನಾಯಿತಿ ಅವಧಿಯಲ್ಲಿ ಶೇ 3ರಷ್ಟು ಬಡ್ಡಿ ಸಹಾಯ ಸಿಗುತ್ತದೆ, ನಿಜ. ಆದರೆ ಆ ಯೋಜನೆ ಶುರುವಾದದ್ದು ದೇಶದ ಆಯ್ದ 860 ಸಂಸ್ಥೆಗಳಿಗೆ. ನೀವು ಸೇರುವ ಕಾಲೇಜು ಆ ಪಟ್ಟಿಯಲ್ಲಿ ಇದೆಯೇ ಅಂತ ಏಜೆಂಟರನ್ನಲ್ಲ, ಬ್ಯಾಂಕನ್ನು ಕೇಳಿ, ಬರಹದಲ್ಲಿ ಕೇಳಿ.

ವಿದೇಶದ ಆಸೆಯ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಆರೋಗ್ಯ ಸೇವಾ ವ್ಯವಸ್ಥಾಪಕರ ಮಧ್ಯಮ ಸಂಬಳ ವರ್ಷಕ್ಕೆ 1,10,680 ಡಾಲರ್ ಅಂತ ಅಲ್ಲಿನ ಕಾರ್ಮಿಕ ಅಂಕಿಅಂಶ ಸಂಸ್ಥೆ 2023ರ ಲೆಕ್ಕ ಕೊಟ್ಟಿದೆ. ಈ ಅಂಕಿ ತೋರಿಸಿ ಹೊಲದ ಮೇಲೆ ಸಾಲ ಎತ್ತಿಸುವ ಸಲಹೆಗಾರರು ನಮ್ಮ ಊರಲ್ಲೂ ಇದ್ದಾರೆ. ಅದು ಅಲ್ಲಿ ಈಗಾಗಲೇ ಆ ಹುದ್ದೆಯಲ್ಲಿರುವ ಎಲ್ಲರ ಮಧ್ಯಮ ಸಂಬಳ, ಹೊಸಬರದ್ದಲ್ಲ. ಆ ಹುದ್ದೆಗೆ ಪದವಿಯ ಜೊತೆ ಕೆಲಸದ ಅನುಭವವೂ ಬೇಕು ಅಂತ ಅದೇ ಸಂಸ್ಥೆ ಹೇಳುತ್ತದೆ. ವಿಜ್ಞಾನ-ತಂತ್ರಜ್ಞಾನದ ಪಟ್ಟಿಗೆ ಸೇರದ ಕೋರ್ಸ್ ಓದಿದವರಿಗೆ ಓದಿನ ನಂತರ ವಿದ್ಯಾರ್ಥಿ ವೀಸಾದಲ್ಲಿ ದುಡಿಯಲು ಸಿಗುವುದು ಹನ್ನೆರಡೇ ತಿಂಗಳು.

ಅಮೆರಿಕದಿಂದ ನಾವು ತರಬೇಕಾದ್ದು ಬೇರೆಯೇ ಇದೆ. ಅಲ್ಲಿನ ಕೇಂದ್ರ ಶಿಕ್ಷಣ ಇಲಾಖೆ ಒಂದು ಜಾಲತಾಣ ನಡೆಸುತ್ತದೆ. ಯಾವ ಕಾಲೇಜಿನ ಯಾವ ಕೋರ್ಸ್ ಓದಿದವರು ಎಷ್ಟು ಸಾಲ ಹೊತ್ತು ಹೊರಬಂದರು, ಎಷ್ಟು ದುಡಿಯುತ್ತಿದ್ದಾರೆ ಅನ್ನುವುದನ್ನು ಯಾರು ಬೇಕಾದರೂ ಅಲ್ಲಿ ನೋಡಬಹುದು. ಮುಖ್ಯವಾಗಿ ಲಾಭಕ್ಕೆ ನಡೆಯುವ ಕಾಲೇಜುಗಳ ಕೋರ್ಸುಗಳಿಗೆಂದು 2023ರಲ್ಲಿ ಅವರು ಮಾಡಿದ ನಿಯಮದಲ್ಲಿ ಒಂದು ಅಳತೆ ಇತ್ತು: ಸಾಲದ ಕಂತು ವಾರ್ಷಿಕ ದುಡಿಮೆಯ ಶೇ 8ನ್ನೂ, ಜೀವನ ವೆಚ್ಚ ಕಳೆದು ಉಳಿದದ್ದರ ಶೇ 20ನ್ನೂ ಮೀರಿದರೆ ಆ ಕೋರ್ಸ್ ಫೇಲು. ಶೇ 8ರ ಅಳತೆಯನ್ನು ಇಲ್ಲಿಗೆ ಹಚ್ಚಿದರೆ 3 ಲಕ್ಷ ದುಡಿಯುವವರ ಕಂತು ತಿಂಗಳಿಗೆ 2,000 ದಾಟಬಾರದು. ನಮ್ಮ ಮಕ್ಕಳು ಕಟ್ಟುತ್ತಿರುವುದು ಅದರ ಆರು ಪಟ್ಟಿಗಿಂತ ಹೆಚ್ಚು.

ನಮ್ಮಲ್ಲಿ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕುವ ಸಂಸ್ಥೆಗಳು ಮಧ್ಯಮ ಸಂಬಳವನ್ನು ತೋರಿಸಬೇಕು. ಆದರೆ ಎರಡು ವರ್ಷದ ಸ್ನಾತಕೋತ್ತರ ಕೋರ್ಸುಗಳೆಲ್ಲ ಅಲ್ಲಿ ಒಂದೇ ಸಾಲಿನಲ್ಲಿ ಸೇರಿಹೋಗುತ್ತವೆ. ಎಂಬಿಎ ಹುಡುಗರ ಸಂಬಳದ ನೆರಳಲ್ಲಿ ಎಂಎಚ್‌ಎಯ ಸಂಬಳ ಕಾಣುವುದೇ ಇಲ್ಲ. ರ‍್ಯಾಂಕಿಂಗಿಗೇ ಹೋಗದ ಕಾಲೇಜುಗಳಿಗೆ ಇಷ್ಟೂ ಇಲ್ಲ.

ಯಾರು ಓದಬೇಕು ಅಂತ ಕೇಳಿದರೆ ನನ್ನ ಉತ್ತರ ಹೀಗಿದೆ. ವೈದ್ಯಕೀಯ ಪದವಿ ಇದ್ದವರು, ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದು ಮುಂದಿನ ಹುದ್ದೆಗೆ ಪದವಿಯ ಕೊರತೆ ಅಡ್ಡ ಬಂದಿರುವ ನರ್ಸುಗಳು ಮತ್ತು ಸಿಬ್ಬಂದಿ, ಕಡಿಮೆ ಶುಲ್ಕದ ಸೀಟು ಸಿಕ್ಕವರು ಧೈರ್ಯವಾಗಿ ಓದಲಿ. ಉಳಿದವರು ಮೊದಲು ಒಂದು ಆಸ್ಪತ್ರೆಯ ಬಿಲ್ಲಿಂಗಿಗೋ ಫ್ರಂಟ್ ಆಫೀಸಿಗೋ ಸೇರಲಿ. ರಾತ್ರಿ ಪಾಳಿ, ಸಾವು, ಕೂಗಾಟ, ಹಬ್ಬದ ದಿನವೂ ಡ್ಯೂಟಿ, ಇವು ಮೈಗೆ ಒಗ್ಗುತ್ತವೆಯೇ ಅಂತ ನೋಡಿಕೊಳ್ಳಲಿ. ಒಗ್ಗಿದರೆ ದುಡ್ಡು ಕೂಡಿಸಿ ಆಮೇಲೆ ಓದಲಿ. ಸಾಲ ಬೇಕೇ ಬೇಕು ಅಂದರೆ ಮೂರು ಲಕ್ಷ ದಾಟದಿರಲಿ. ಅದೇ ಶೇ 11ರ ಬಡ್ಡಿಯಲ್ಲಿ, ಹತ್ತು ವರ್ಷಕ್ಕೆ, ಮೂರು ಲಕ್ಷದ ಕಂತು ಸುಮಾರು 5,270 ಆಗುತ್ತದೆ. ಕೈಗೆ ಬರುವ ಸಂಬಳದ ಕಾಲು ಭಾಗ. ಅಷ್ಟನ್ನು ಕಟ್ಟಿಯೂ ಬದುಕಬಹುದು. ಓದುವಾಗಿನಿಂದ ಕಂತು ಶುರುವಾಗುವವರೆಗೂ ತಿಂಗಳ ಬಡ್ಡಿ ಕಟ್ಟುತ್ತ ಹೋಗಲು ಮನೆಯವರಿಗೆ ಆಗುವುದಾದರೆ ಕಂತು ಇನ್ನೂ ಒಂದು ಸಾವಿರದಷ್ಟು ಇಳಿಯುತ್ತದೆ.

ನಮ್ಮ ಆಸ್ಪತ್ರೆಗಳೂ ಇದರಲ್ಲಿ ಪಾಲುದಾರರು. ಕೋರ್ಸಿನ ಕೊನೆಯ ತಿಂಗಳುಗಳಲ್ಲಿ ತರಬೇತಿಗೆ ಬರುವ ಮಕ್ಕಳಿಂದ ಪೂರ್ತಿ ಪಾಳಿಯ ಕೆಲಸ ಮಾಡಿಸಿಕೊಂಡು ಒಂದು ರೂಪಾಯಿ ಸ್ಟೈಪೆಂಡ್ ಕೊಡದ ಆಸ್ಪತ್ರೆಗಳು ಎಷ್ಟೋ ಇವೆ. ಮಾನ್ಯತೆಗೆ ಬೇಕಾದ ಫೈಲು ತಯಾರಿಸಲು, ಪೇಶೆಂಟ್ ಫೀಡ್‌ಬ್ಯಾಕ್ ಸಂಗ್ರಹಿಸಲು ಅವರು ಬೇಕು, ಅವರ ಊಟದ ಖರ್ಚು ಮಾತ್ರ ಅವರದೇ. ನನ್ನ ಜೊತೆಯ ಆಡಳಿತಾಧಿಕಾರಿಗಳು ತಮ್ಮ ತಮ್ಮ ಮಾಲೀಕರ ಮುಂದೆ ಈ ಮಾತು ಎತ್ತಬೇಕು. ಕೆಲಸದ ಜಾಹೀರಾತಿನಲ್ಲಿ ಸಂಬಳ ಎಷ್ಟು ಅಂತ ಅಂಕಿಯಲ್ಲೇ ಹಾಕಬೇಕು.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ, ಈ ಕೋರ್ಸ್ ನಡೆಸುವ ಇತರ ವಿಶ್ವವಿದ್ಯಾಲಯಗಳಿಗೂ, ವೈದ್ಯಕೀಯ ಶಿಕ್ಷಣ ಇಲಾಖೆಗೂ ನನ್ನ ಬೇಡಿಕೆ ಇಷ್ಟು. ಮುಂದಿನ ಪ್ರವೇಶ ಪ್ರಕಟಣೆ ಹೊರಡುವ ಮೊದಲು ಪ್ರತಿ ಕಾಲೇಜಿನ ಎಂಎಚ್‌ಎ ಕೋರ್ಸಿನ ಮಧ್ಯಮ ಸಂಬಳವನ್ನು, ವೈದ್ಯರದ್ದು ಬೇರೆ, ವೈದ್ಯರಲ್ಲದವರದ್ದು ಬೇರೆ ಮಾಡಿ, ಕೋರ್ಸಿನ ಒಟ್ಟು ಖರ್ಚಿನ ಪಕ್ಕದಲ್ಲೇ ಕನ್ನಡದಲ್ಲಿ ಪ್ರಕಟಿಸಿ. ಅದನ್ನು ಕೊಡದ ಕಾಲೇಜಿಗೆ ಆ ವರ್ಷ ಹೊಸ ಪ್ರವೇಶಕ್ಕೆ ಅನುಮತಿ ಕೊಡಬೇಡಿ.